ಮೂರನೆಯ ಖಂಡವೋ ನಾಲ್ಕನೆಯದೋ: ರೇಡಿಯೊಲೇರಿಯ ಪ್ರಭೇದಗಳನ್ನು ಬೇರ್ಪಡಿಸುವ ಬಗೆ

ಮಧ್ಯ ಹಿಂದೂ ಮಹಾಸಾಗರದಲ್ಲಿ ಸುಮಾರು 5 ಕಿಲೋಮೀಟರ್ ಆಳದ ತಳದ ಕೆಸರನ್ನು ಮೇಲೆತ್ತಿ ನೋಡಿದರೆ ಸುಣ್ಣದ ಚಿಪ್ಪುಗಳು ಬಹುಮಟ್ಟಿಗೆ ಕಾಣಸಿಗುವುದಿಲ್ಲ. ಅಷ್ಟು ಆಳದ ತಣ್ಣೀರಿನಲ್ಲಿ, ಅಷ್ಟೊಂದು ಒತ್ತಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿಹೋಗುವುದರಿಂದ ಅಲ್ಲಿ ಉಳಿಯುವುದು ಜೇಡಿಮಣ್ಣು ಮತ್ತು ಸಿಲಿಕಾದಿಂದ ಮೈಕಟ್ಟಿಕೊಂಡ ಜೀವಿಗಳ ಅವಶೇಷ. ಆ ಅವಶೇಷಗಳಲ್ಲಿ ರೇಡಿಯೊಲೇರಿಯ ಎಂಬ ಸೂಕ್ಷ್ಮಜೀವಿಗಳದು ದೊಡ್ಡ ಪಾಲು. ಸಾಗರತಳದಲ್ಲಿ ಬಿದ್ದಿರುವ ಬಹುಲೋಹ ಗಂಟುಗಳ ಅನ್ವೇಷಣೆಗೆಂದು ಭಾರತ ಪಡೆದಿರುವ 75,000 ಚದರ ಕಿಲೋಮೀಟರ್ ಪ್ರದೇಶ ಇದೇ ಸಾಗರಬೋಗುಣಿಯಲ್ಲಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಮೀಕ್ಷೆಗಳು ಅಲ್ಲಿಂದ ತಂದ ಕೆಸರನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಾಜಿನಂತೆ ಪಾರದರ್ಶಕವಾದ ಗೋಳಗಳು, ಗಂಟೆಗಳು, ಗೋಪುರಗಳು ನೂರಾರು ಸಂಖ್ಯೆಯಲ್ಲಿ ಕಣ್ಣೆದುರು ಬರುತ್ತವೆ.

ಸೂಕ್ಷ್ಮದರ್ಶಕದಲ್ಲಿ ತೆಗೆದ ಇವುಗಳ ಚಿತ್ರಗಳನ್ನು ನೋಡಿದವರು ಮೊದಲು ಬೆರಗಾಗುತ್ತಾರೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: ಎಲ್ಲವೂ ಒಂದೇ ತರಹ ಕಾಣುತ್ತಿವೆಯಲ್ಲ, ಇದು ಒಂದು ಪ್ರಭೇದ, ಅದು ಇನ್ನೊಂದು ಎಂದು ಹೇಗೆ ಹೇಳುತ್ತೀರಿ? ಪ್ರಶ್ನೆ ಸರಿಯಾದದ್ದು. ಒಟ್ಟು ನೋಟದಿಂದ ಹೇಳುವುದಿಲ್ಲ ಎಂಬುದು ನನ್ನ ಉತ್ತರದ ಮೊದಲ ಭಾಗ. ಎರಡು ಹಂದರಗಳಲ್ಲಿ, ಅಂದರೆ ಈ ಜೀವಿಗಳ ಸಿಲಿಕಾದ ಮೈಕಟ್ಟುಗಳಲ್ಲಿ, ಒಂದೇ ಸ್ಥಾನದ ಒಂದೇ ಭಾಗವನ್ನು ಗುರುತಿಸಿ, ಅದನ್ನಷ್ಟೇ ಅದಕ್ಕೆ ಹೋಲಿಸಬೇಕು. ಉತ್ತರದ ಎರಡನೆಯ ಭಾಗ ಇನ್ನೂ ಮುಖ್ಯವಾದದ್ದು. ಒಂದು ಪ್ರಭೇದ ಮತ್ತೊಂದಾಗಿ ಮೆಲ್ಲಮೆಲ್ಲನೆ ಮಾರ್ಪಟ್ಟಿರುವ ಕಡೆ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದು ನಮ್ಮ ನಿರ್ಧಾರ, ಆ ನಿರ್ಧಾರವನ್ನು ಮುಚ್ಚಿಡದೆ ಬರೆದಿಡುವುದು ನಮ್ಮ ಹೊಣೆ.

ರೇಡಿಯೊಲೇರಿಯಗಳು ಕಡಲಲ್ಲಿ ತೇಲಿ ಬದುಕುವ ಏಕಕೋಶ ಜೀವಿಗಳು. ಕೇಂಬ್ರಿಯನ್ ಯುಗದ ಶಿಲೆಗಳಿಂದ ಹಿಡಿದು ಇಂದಿನ ಸಮುದ್ರದವರೆಗೆ ಅವುಗಳ ದಾಖಲೆ ಇದೆ. ಹೆಚ್ಚಿನವುಗಳ ಹಂದರ ಒಂದು ಮಿಲಿಮೀಟರ್‌ನ ಇಪ್ಪತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗಿನ ಗಾತ್ರದ್ದು. ಪಳೆಯುಳಿಕೆಗಳಾಗಿ ಉಳಿಯುವವು ಮುಖ್ಯವಾಗಿ ಎರಡು ಗುಂಪಿನವು. ಸ್ಪುಮೆಲ್ಲೇರಿಯ ಎಂಬ ಗುಂಪಿನಲ್ಲಿ ಜಾಲರಿಯ ಗೋಳಗಳು ಒಂದರೊಳಗೊಂದು ಕುಳಿತಿರುತ್ತವೆ, ಅಥವಾ ಹಂದರವು ತಟ್ಟೆಯಂತೆ ಚಪ್ಪಟೆಯಾಗಿ ಹರಡಿರುತ್ತದೆ. ನಾಸೆಲ್ಲೇರಿಯ ಗುಂಪಿನವು ಒಂದು ಅಕ್ಷದ ಗುಂಟ ಬೆಳೆಯುತ್ತವೆ. ಐರಣೆ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತುದಿಯಲ್ಲಿ ಚಿಕ್ಕ ಖಂಡ, ಅದರ ಕೆಳಗೆ ಅದಕ್ಕಿಂತ ದೊಡ್ಡದು, ಅದರ ಕೆಳಗೆ ಇನ್ನೊಂದು. ಮೊದಲನೆಯದನ್ನು ತಲೆಖಂಡ, ಎರಡನೆಯದನ್ನು ಎದೆಖಂಡ, ಮೂರನೆಯದನ್ನು ಉದರಖಂಡ ಎಂದು ಕರೆಯುವುದು ರೂಢಿ. ಈ ಹೆಸರುಗಳು ಸ್ಥಾನವನ್ನು ಸೂಚಿಸುತ್ತವೆಯೇ ಹೊರತು ಅಂಗಾಂಗಗಳನ್ನಲ್ಲ. ಜೀವಂತವಾಗಿರುವಾಗಲೂ ಅಲ್ಲಿ ಇದ್ದದ್ದು ಒಂದೇ ಒಂದು ಕೋಶ.

ನಾಸೆಲ್ಲೇರಿಯದ ತಲೆಖಂಡದೊಳಗೆ ಹೊರಗಿನಿಂದ ಕಾಣದ ಒಂದು ಸಣ್ಣ ಕಡ್ಡಿಗಳ ಕಟ್ಟು ಇರುತ್ತದೆ. ನಡುವೆ ಒಂದು ಅಡ್ಡಕಡ್ಡಿ, ಅದರ ಎರಡು ತುದಿಗಳಿಂದ ಹೊರಡುವ ಮುಳ್ಳುಗಳು: ಮೇಲಕ್ಕೆ ಹೋಗುವುದೊಂದು, ಮುಂದಕ್ಕೆ ಚಾಚಿದ್ದೊಂದು, ಹಿಂದಕ್ಕೊಂದು, ಪಕ್ಕಗಳಿಗೆ ಜೋಡಿಯಾಗಿ ಕೆಲವು. ಹಂದರ ಬೆಳೆಯತೊಡಗುವುದೇ ಈ ಕಟ್ಟಿನಿಂದ. ನೆತ್ತಿಯ ಮೇಲೆ ಹೊರಗೆ ಕಾಣುವ ಕೊಂಬು ಸಾಮಾನ್ಯವಾಗಿ ಮೇಲ್ಮುಳ್ಳಿನ ಮುಂದುವರಿಕೆ; ಕೆಳಗೆ ಮೂರು ಕಾಲುಗಳಿದ್ದರೆ ಅವು ಬಹಳ ಸಲ ಹಿಮ್ಮುಳ್ಳು ಮತ್ತು ಎರಡು ಪಕ್ಕದ ಮುಳ್ಳುಗಳ ಮುಂದುವರಿಕೆ. ಹಾಗಾಗಿ ಎರಡು ಹಂದರಗಳಿಗೆ ಮೂರು ಮೂರು ಕಾಲುಗಳಿವೆ ಎಂದ ಮಾತ್ರಕ್ಕೆ ಅವು ಹತ್ತಿರದ ಸಂಬಂಧಿಗಳೆನ್ನುವಂತಿಲ್ಲ. ಆ ಕಾಲುಗಳು ಯಾವ ಒಳಮುಳ್ಳಿನಿಂದ ಹೊರಟಿವೆ ಎಂಬುದನ್ನು ನೋಡಬೇಕು. ರಷ್ಯದ ವಿಜ್ಞಾನಿ ಪೆಟ್ರುಶೆವ್‌ಸ್ಕಾಯ ಅವರ ಕೆಲಸದ ಬಳಿಕ ನಾಸೆಲ್ಲೇರಿಯದ ವರ್ಗೀಕರಣದಲ್ಲಿ ಈ ಒಳಗಿನ ಕಟ್ಟಿಗೆ ಸಿಕ್ಕ ಮಹತ್ವ ಅದಕ್ಕೆ ನಿಜವಾಗಿ ಸಲ್ಲಬೇಕಾದದ್ದೇ.

ಇದನ್ನೆಲ್ಲ ನೋಡಲು ಸಾಧ್ಯವಾಗುವುದು ಸಿಲಿಕಾ ಪಾರದರ್ಶಕವಾಗಿರುವುದರಿಂದ. ಕೆಸರನ್ನು ಹೈಡ್ರೊಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಸಾವಯವ ಅಂಶವನ್ನು ತೆಗೆದು, ಹೈಡ್ರೊಕ್ಲೋರಿಕ್ ಆಮ್ಲದಿಂದ ಸುಣ್ಣವನ್ನು ಕರಗಿಸಿ, 45 ಅಥವಾ 63 ಮೈಕ್ರೊಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಗಾಜಿನ ಪಟ್ಟಿಯ ಮೇಲೆ ಕೆನಡಾ ಬಾಲ್ಸಂ ಅಥವಾ ಅಂಥ ಬೇರೊಂದು ಅಂಟಿನಲ್ಲಿ ಕೂರಿಸುತ್ತೇವೆ. ಹಂದರದ ಸಿಲಿಕಾದ ವಕ್ರೀಭವನ ಸೂಚ್ಯಂಕ ಸುಮಾರು 1.45, ಬಾಲ್ಸಂನದು 1.53ರ ಆಸುಪಾಸು. ಈ ಅಂತರ ಇರುವುದರಿಂದಲೇ ಬಣ್ಣವಿಲ್ಲದ ಹಂದರ ಬಣ್ಣವಿಲ್ಲದ ಅಂಟಿನೊಳಗೆ ಕಣ್ಣಿಗೆ ಬೀಳುತ್ತದೆ. ಸೂಕ್ಷ್ಮದರ್ಶಕದ ನಾಭಿಯನ್ನು (ಫೋಕಸ್) ಮೇಲಿನಿಂದ ಕೆಳಕ್ಕೆ ಮೆಲ್ಲನೆ ಇಳಿಸುತ್ತ ಹೋದಂತೆ ಹೊರಗಿನ ಜಾಲರಿ, ನಡುವಿನ ಕಡ್ಡಿ, ಒಳಗಿನ ಗೋಳ, ಆಚೆ ಬದಿಯ ಜಾಲರಿ ಒಂದಾದ ಮೇಲೊಂದರಂತೆ ಸ್ಪಷ್ಟವಾಗುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಎಷ್ಟೇ ಚೆಲುವಾಗಿದ್ದರೂ ಅವು ತೋರಿಸುವುದು ಹೊರಮೈಯನ್ನು ಮಾತ್ರ; ಒಡೆದ ಮಾದರಿ ಸಿಕ್ಕಿದರಷ್ಟೇ ಒಳಗಿನದು ಕಾಣುತ್ತದೆ. ಪ್ರಭೇದವನ್ನು ನಿರ್ಧರಿಸುವ ಲಕ್ಷಣ ಒಳಗಿದ್ದರೆ ಹೊರಮೈಯ ಚಿತ್ರವೊಂದನ್ನೇ ನೆಚ್ಚಿಕೊಂಡು ಹೆಸರು ಕೊಡುವುದು ತಪ್ಪು ದಾರಿ ಎಂದೇ ನನ್ನ ಅಭಿಪ್ರಾಯ. ಹಳೆಯ ಚರ್ಟ್ ಎಂಬ ಗಟ್ಟಿ ಸಿಲಿಕಾ ಶಿಲೆಗಳ ಮಾತು ಬೇರೆ. 1972ರಲ್ಲಿ ಪೆಸ್ಸಾನ್ಯೊ ಮತ್ತು ನ್ಯೂಪೋರ್ಟ್ ವಿವರಿಸಿದ, ಹೈಡ್ರೊಫ್ಲೋರಿಕ್ ಆಮ್ಲದಿಂದ ಶಿಲೆಯನ್ನು ಸವೆಸಿ ಹಂದರಗಳನ್ನು ಬಿಡಿಸುವ ಕ್ರಮದಿಂದ ಅವು ಹೊರಬಂದಾಗ ಸಿಲಿಕಾ ಆಗಲೇ ಸ್ಫಟಿಕವಾಗಿ ಮಾರ್ಪಟ್ಟು ಒಳಭಾಗಗಳು ಬಹಳ ಸಲ ಅಳಿದಿರುತ್ತವೆ. ಅಲ್ಲಿ ಹೊರಮೈಯೇ ಗತಿ.

ಹೆಸರುಗಳ ಸಂಖ್ಯೆ ಇಷ್ಟು ದೊಡ್ಡದಾದದ್ದಕ್ಕೆ ಒಂದು ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಅವರು ಬಾರ್ಬಡೋಸ್ ದ್ವೀಪದ ಮಣ್ಣಿನಿಂದಲೂ ನಮ್ಮ ನಿಕೋಬಾರ್ ದ್ವೀಪಗಳ ಶಿಲೆಗಳಿಂದಲೂ ಈ ಹಂದರಗಳನ್ನು ವರ್ಣಿಸಿದರು. ಅವರ ಬಳಿಕ ಬಂದ ಅರ್ನ್‌ಸ್ಟ್ ಹೆಕೆಲ್, 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗಿನ ಸಂಗ್ರಹವನ್ನು ಪರಿಶೀಲಿಸಿ 1887ರಲ್ಲಿ ಪ್ರಕಟಿಸಿದ ವರದಿಯಲ್ಲಿ 4,318 ಪ್ರಭೇದಗಳನ್ನು ದಾಖಲಿಸಿದರು. ಅವುಗಳಲ್ಲಿ 3,508 ಹೊಸವು. ಜೊತೆಗೆ 140 ಚಿತ್ರಫಲಕಗಳು. ಆ ಫಲಕಗಳ ಮುಂದೆ ಕುಳಿತಾಗ ಇಂದಿಗೂ ಗೌರವ ಹುಟ್ಟುತ್ತದೆ. ಆದರೆ ಹೆಕೆಲ್ ಅವರ ವರ್ಗೀಕರಣ ಬಹುಪಾಲು ಜ್ಯಾಮಿತಿಯದು: ಮುಳ್ಳು ಎಷ್ಟು, ಗೋಳ ಎಷ್ಟು, ತೋಳುಗಳ ನಡುವೆ ಜಾಲರಿ ತುಂಬಿದೆಯೋ ಇಲ್ಲವೋ ಎಂಬುದರ ಲೆಕ್ಕ. ಅವರು ಬೇರೆ ಬೇರೆ ಕುಲಗಳೆಂದು (ಹತ್ತಿರದ ಪ್ರಭೇದಗಳ ಗುಂಪುಗಳೆಂದು) ಪಟ್ಟಿ ಮಾಡಿದ ಹಲವು ರೂಪಗಳು ಒಂದೇ ಜೀವಿಯ ಬೆಳವಣಿಗೆಯ ಬೇರೆ ಬೇರೆ ಹಂತಗಳೆಂದು ಆಮೇಲೆ ತಿಳಿದುಬಂತು.

ಇದಕ್ಕೆ ತ್ರಿಭುಜಾಕಾರದ ಸ್ಪುಮೆಲ್ಲೇರಿಯಗಳು ಒಳ್ಳೆಯ ನಿದರ್ಶನ. ಯೂಕಿಟೋನಿಯ ಮತ್ತು ಡಿಕ್ಟಿಯೊಕೊರೈನ್ ಎಂಬ ಎರಡು ಕುಲಗಳಲ್ಲೂ ನಡುವಿನಿಂದ ಮೂರು ತೋಳುಗಳು ಹೊರಟಿರುತ್ತವೆ. ತೋಳುಗಳ ನಡುವಿನ ಸಂದಿಯಲ್ಲಿ ಸ್ಪಂಜಿನಂಥ ತೆಳುಜಾಲರಿ ತುಂಬಿರಬಹುದು, ತುಂಬದೆಯೂ ಇರಬಹುದು. ಹೆಕೆಲ್ ಈ ಜಾಲರಿಯ ಇರುವಿಕೆಯನ್ನೇ ಕುಲಲಕ್ಷಣವೆಂದು ಎಣಿಸಿದ್ದರು. ಅದಾದರೋ ವಯಸ್ಸಿನೊಂದಿಗೆ ಬೆಳೆಯುವಂಥದ್ದು, ಕೆಸರಿನಲ್ಲಿ ಮೊದಲು ಸವೆದುಹೋಗುವಂಥದ್ದು. ನೆಚ್ಚಬಹುದಾದ ಭೇದ ತೋಳಿನ ಒಳಗಿದೆ. ಯೂಕಿಟೋನಿಯದ ತೋಳಿನಲ್ಲಿ ಅಡ್ಡಸಾಲಾಗಿ ಜೋಡಿಸಿದ ಕೋಣೆಗಳು ಕಾಣುತ್ತವೆ, ಡಿಕ್ಟಿಯೊಕೊರೈನ್‌ನ ತೋಳು ಸ್ಪಂಜಿನಂತೆ ಕ್ರಮವಿಲ್ಲದ ಹೆಣಿಗೆ.

ಈಗ ನನಗೆ ಬಹಳ ಇಷ್ಟವಾದ ಜೋಡಿಯ ವಿಚಾರಕ್ಕೆ ಬರುತ್ತೇನೆ. ಸ್ಟಿಕೊಕೋರಿಸ್ ಡೆಲ್ಮಾಂಟೆನ್ಸಿಸ್ ಮತ್ತು ಸ್ಟಿಕೊಕೋರಿಸ್ ಪೆರೆಗ್ರೀನಾ ಎಂಬ ಎರಡು ನಾಸೆಲ್ಲೇರಿಯಗಳು ಮಯೋಸೀನ್ ಕಾಲದ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದಿನ) ಉಷ್ಣವಲಯದ ಕೆಸರಿನಲ್ಲಿ ಹೇರಳವಾಗಿ ಸಿಗುತ್ತವೆ. ಮೊದಲನೆಯದನ್ನು 1944ರಲ್ಲಿ ಕ್ಯಾಂಪ್‌ಬೆಲ್ ಮತ್ತು ಕ್ಲಾರ್ಕ್, ಎರಡನೆಯದನ್ನು 1953ರಲ್ಲಿ ರೀಡೆಲ್ ವರ್ಣಿಸಿದರು. ಎರಡಕ್ಕೂ ಪುಟ್ಟ ತಲೆಖಂಡ, ಅದರ ಮೇಲೊಂದು ಗಿಡ್ಡ ಕೊಂಬು, ಕೆಳಗೆ ಹಲವು ಖಂಡಗಳು. ಖಂಡಖಂಡದ ನಡುವೆ ಬಿಗಿದ ಸೊಂಟ, ಆ ಸೊಂಟದ ಒಳಗಡೆ ಒಂದು ಉಂಗುರ. ಪ್ರತಿ ಖಂಡದ ಮೇಲೆ ಅಡ್ಡಸಾಲುಗಳಲ್ಲಿ ದುಂಡನೆಯ ರಂಧ್ರಗಳು. ದೂರದಿಂದ ನೋಡಿದರೆ ಎರಡೂ ಮೇಲ್ಭಾಗದಲ್ಲಿ ಶಂಕು, ಕೆಳಭಾಗದಲ್ಲಿ ಕೊಳವೆ.

ಭೇದ ಇರುವುದು ಶಂಕು ಮುಗಿದು ಕೊಳವೆ ಶುರುವಾಗುವ ಜಾಗದಲ್ಲಿ. ತಲೆಖಂಡದಿಂದ ಎಣಿಸುತ್ತ ಬಂದರೆ ಡೆಲ್ಮಾಂಟೆನ್ಸಿಸ್‌ನಲ್ಲಿ ಅಗಲ ಹೆಚ್ಚುತ್ತ ಹೋಗುವುದು ಮೂರನೆಯ ಖಂಡದವರೆಗೆ. ಅಲ್ಲಿಗೆ ಶಂಕು ಮುಗಿಯುತ್ತದೆ, ನಾಲ್ಕನೆಯ ಖಂಡ ಅದಕ್ಕಿಂತ ಕಿರಿದಾಗಿ ಕೊಳವೆಯ ಭಾಗವಾಗುತ್ತದೆ. ಪೆರೆಗ್ರೀನಾದಲ್ಲಿ ಅಗಲ ನಾಲ್ಕನೆಯ ಖಂಡಕ್ಕೂ ಮುಂದುವರಿಯುತ್ತದೆ, ಹಾಗಾಗಿ ಅದರ ಶಂಕು ಹೆಚ್ಚು ನೀಳ, ಭುಜ ಇನ್ನೊಂದು ಮೆಟ್ಟಿಲು ಕೆಳಗೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಇಷ್ಟೇ ಎಂದೆನಾದರೂ ಈ ಇಷ್ಟನ್ನು ಸರಿಯಾಗಿ ನೋಡಲು ಹಲವು ಎಚ್ಚರಿಕೆಗಳು ಬೇಕು. ಎಣಿಕೆ ತಲೆಖಂಡದಿಂದಲೇ ಶುರುವಾಗಬೇಕು. ತಲೆಖಂಡ ಎಷ್ಟು ಚಿಕ್ಕದೆಂದರೆ, ಕಡಿಮೆ ವರ್ಧನೆಯಲ್ಲಿ ಅದು ಕೊಂಬಿನ ಬುಡದಂತೆ ತೋರಿ ಎಣಿಕೆಯಿಂದ ಜಾರಿಹೋಗುತ್ತದೆ. ಆಗ ನಾಲ್ಕನೆಯದು ಮೂರನೆಯದಾಗುತ್ತದೆ, ಪೆರೆಗ್ರೀನಾ ಡೆಲ್ಮಾಂಟೆನ್ಸಿಸ್ ಆಗಿಬಿಡುತ್ತದೆ. ಮೊದಲ ಸೊಂಟ ಹೊರಗಿನಿಂದ ಮಸುಕಾಗಿದ್ದರೂ ಒಳಗಿನ ತಡಿಕೆ ನಾಭಿ ಇಳಿಸಿದಾಗ ಗೆರೆಯಂತೆ ಕಾಣುತ್ತದೆ, ಎಣಿಕೆಗೆ ಅದನ್ನೇ ಆಧಾರವಾಗಿ ಹಿಡಿಯುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ, ಹಂದರ ಅಡ್ಡಲಾಗಿ ಸಮತಲದಲ್ಲಿ ಮಲಗಿರಬೇಕು. ಒಂದು ತುದಿ ಅಂಟಿನೊಳಗೆ ತಗ್ಗಿದ್ದರೆ ಮೂರು ಮತ್ತು ನಾಲ್ಕನೆಯ ಖಂಡಗಳ ಅಂಚುಗಳು ಒಂದೇ ನಾಭಿಯಲ್ಲಿ ಸಿಗುವುದಿಲ್ಲ, ಅಗಲಗಳ ಹೋಲಿಕೆ ನಂಬಲರ್ಹವಾಗುವುದಿಲ್ಲ. ಕೆಳಗಿನ ಖಂಡಗಳು ಮುರಿದಿರುವುದು ಸಾಮಾನ್ಯ. ಅದರಿಂದ ಈ ಜೋಡಿಯಲ್ಲಿ ತೊಂದರೆಯಿಲ್ಲ, ಯಾಕೆಂದರೆ ತೀರ್ಪು ಕೊಡುವ ಭಾಗ ಮೇಲಿನ ಅರ್ಧದಲ್ಲಿದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಮೂರನೆಯದು ಮತ್ತು ನಾಲ್ಕನೆಯದು ಸಮಸಮ ಅಗಲವಿರುವ ಮಾದರಿಗಳು ಬಂದೇ ಬರುತ್ತವೆ. ಅವು ಕೆಟ್ಟ ಮಾದರಿಗಳಲ್ಲ. ಡೆಲ್ಮಾಂಟೆನ್ಸಿಸ್‌ನಿಂದ ಪೆರೆಗ್ರೀನಾ ವಿಕಾಸಗೊಂಡದ್ದು ಮಯೋಸೀನ್‌ನ ಕೊನೆಯ ಭಾಗದಲ್ಲಿ, ಸುಮಾರು 70 ಲಕ್ಷ ವರ್ಷಗಳ ಹಿಂದಿನ ಆಸುಪಾಸಿನಲ್ಲಿ, ಒಂದೇ ವಂಶದ ಮೆಲ್ಲನೆಯ ಬದಲಾವಣೆಯಾಗಿ. ಆ ಹೊತ್ತಿನ ಕೆಸರಿನಲ್ಲಿ ನಡುವಿನ ರೂಪಗಳು ಇರಲೇಬೇಕು. ಯಾವ ಪ್ರಭೇದ ಸಿಗುತ್ತದೆ ಎಂಬುದರಿಂದ ಕೆಸರಿನ ಕಾಲವನ್ನು ವಿಂಗಡಿಸುವ ಉಷ್ಣವಲಯದ ರೇಡಿಯೊಲೇರಿಯ ಕಾಲವಲಯಗಳನ್ನು ರೂಪಿಸಿದ ರೀಡೆಲ್ ಮತ್ತು ಆನಿಕಾ ಸಾನ್‌ಫಿಲಿಪ್ಪೊ ಅವರು ಈ ಸಂಕ್ರಮಣವನ್ನೇ ಒಂದು ವಲಯದ ತಳವಾಗಿ ಬಳಸಿದರು. ಸಾಗರತಳದಿಂದ ಕೊಳವೆಯಲ್ಲಿ ತೆಗೆದ ಕೆಸರಿನ ಸ್ತಂಭದಲ್ಲಿ ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಬಂದಾಗ ವಂಶಜ ರೂಪ ಪೂರ್ವಜ ರೂಪಕ್ಕಿಂತ ಸಂಖ್ಯೆಯಲ್ಲಿ ಹೆಚ್ಚಾಗುವ ಮಟ್ಟವೇ ಆ ಗಡಿ. ನಾನು ಮೆಚ್ಚುವುದು ಈ ವ್ಯಾಖ್ಯೆಯ ಪ್ರಾಮಾಣಿಕತೆಯನ್ನು. ಒಂದು ಮಾದರಿಯನ್ನು ಹಿಡಿದು ಇದು ಇಂಥದ್ದೇ ಎಂದು ಪಟ್ಟು ಹಿಡಿಯುವ ಬದಲು, ಇಡೀ ಸಮೂಹದಲ್ಲಿ ಯಾವ ರೂಪ ಹೆಚ್ಚು ಎಂದು ಅದು ಕೇಳುತ್ತದೆ. ಆದರೆ ಆ ಎಣಿಕೆ ಸರಿಯಾಗಬೇಕಾದರೆ ಎಣಿಸುವವರೆಲ್ಲರೂ ಸಮಸಮ ಅಗಲದ ಮಾದರಿಗಳನ್ನು ಒಂದೇ ಕಡೆಗೆ ಹಾಕಬೇಕು. ಒಬ್ಬರು ಅವನ್ನು ಪೂರ್ವಜನ ಖಾತೆಗೂ ಇನ್ನೊಬ್ಬರು ವಂಶಜನ ಖಾತೆಗೂ ಸೇರಿಸಿದರೆ ಅದೇ ಕೆಸರಿನಲ್ಲಿ ಗಡಿ ಮೇಲೆ ಕೆಳಗೆ ಸರಿಯುತ್ತದೆ, ಅದರ ಜೊತೆಗೆ ಕಾಲವೂ ಸರಿಯುತ್ತದೆ. ಪ್ರಭೇದವೊಂದು ಹುಟ್ಟುವ ಅಥವಾ ಅಳಿಯುವಂಥ ಒಂದು ಘಟನೆ ಹಿಂದೂ ಮಹಾಸಾಗರದಲ್ಲೂ ಪೆಸಿಫಿಕ್‌ನಲ್ಲೂ ಒಟ್ಟಿಗೇ ನಡೆಯಿತೋ ಬೇರೆ ಬೇರೆ ಹೊತ್ತಿನಲ್ಲೋ ಎಂಬ ಪ್ರಶ್ನೆಯನ್ನು ಜಾನ್ಸನ್ ಮತ್ತು ನಿಗ್ರಿನಿ 1985ರಲ್ಲಿ ವಿವರವಾಗಿ ಎತ್ತಿಕೊಂಡಿದ್ದರು. ಎರಡು ಸಾಗರಗಳ ನಡುವೆ ಕಾಣುವ ಅಂತರದಲ್ಲಿ ಎಷ್ಟು ಭಾಗ ನಿಸರ್ಗದ್ದು, ಎಷ್ಟು ಭಾಗ ಗೆರೆ ಎಳೆದವರದು ಎಂದು ಬಿಡಿಸಿ ನೋಡಲು ಸಾಧ್ಯವಾಗುವುದು ಲಕ್ಷಣದ ವ್ಯಾಖ್ಯೆ ಸ್ಪಷ್ಟವಾಗಿದ್ದಾಗ ಮಾತ್ರ.

ಗೆರೆ ಎಳೆಯಲು ಕಣ್ಣಿನ ಅಂದಾಜಿಗಿಂತ ಅಳತೆ ಉತ್ತಮವೆಂಬುದಕ್ಕೆ ಯೂಸಿರ್ಟಿಡಿಯಮ್ ಕುಲದ ಕಥೆಯನ್ನು ನೋಡಬೇಕು. ಉತ್ತರ ಪೆಸಿಫಿಕ್‌ನಲ್ಲಿ ಯೂಸಿರ್ಟಿಡಿಯಮ್ ಕ್ಯಾಲ್ವರ್ಟೆನ್ಸೆ ಎಂಬ ಪ್ರಭೇದದಿಂದ ಸುಮಾರು 20 ಲಕ್ಷ ವರ್ಷಗಳ ಹಿಂದೆ ಯೂಸಿರ್ಟಿಡಿಯಮ್ ಮತುಯಾಮೈ ಕವಲೊಡೆಯಿತು. ಭೂಮಿಯ ಕಾಂತಕ್ಷೇತ್ರ ತಿರುಗುಮುರುಗಾಗಿದ್ದ ಮತುಯಾಮ ಕಾಲಘಟ್ಟದ ಕೆಸರಿನಲ್ಲಿ ಸಿಗುವ ಈ ಪ್ರಭೇದವನ್ನು ಜೇಮ್ಸ್ ಹೇಸ್ 1970ರಲ್ಲಿ ಹೆಸರಿಸಿದರು. ಸುಮಾರು 10 ಲಕ್ಷ ವರ್ಷಗಳ ಹಿಂದೆ ಅದು ಅಳಿದುಹೋಯಿತು. ಮತುಯಾಮೈ ದೊಡ್ಡದು, ಅದರ ನಾಲ್ಕನೆಯ ಖಂಡ ಎದ್ದುಕಾಣುವಷ್ಟು ಅಗಲ. ಆದರೆ ಎಷ್ಟು ದೊಡ್ಡದಾದರೆ ಮತುಯಾಮೈ? ಡೇವಿಡಾ ಕೆಲ್ಲಾಗ್ ಮತ್ತು ಹೇಸ್ 1975ರಲ್ಲಿ ಮಾಡಿದ್ದು, ಕೆಸರಿನ ಒಂದೊಂದು ಪದರದಿಂದಲೂ ಹಲವಾರು ಹಂದರಗಳನ್ನು ಆರಿಸಿ ನಾಲ್ಕನೆಯ ಖಂಡದ ಅಗಲವನ್ನು ಅಳೆಯುತ್ತ ಹೋಗುವ ಕೆಲಸ. ಎರಡೂ ಒಂದೇ ನೀರಿನಲ್ಲಿ ಒಟ್ಟಿಗೆ ಬದುಕತೊಡಗಿದ ಮೇಲೆ ಮತುಯಾಮೈ ಹಿಗ್ಗುತ್ತಲೂ ಕ್ಯಾಲ್ವರ್ಟೆನ್ಸೆ ಕುಗ್ಗುತ್ತಲೂ ಹೋದದ್ದು ಆ ಅಳತೆಗಳಲ್ಲಿ ಕಾಣಿಸಿತು. ಅಂದರೆ ಅವೆರಡನ್ನೂ ಬೇರ್ಪಡಿಸುವ ಲಕ್ಷಣ ಕಾಲದೊಂದಿಗೆ ಚೂಪಾಗುತ್ತ ಬಂದಿದೆ: ಕವಲೊಡೆದ ಹೊತ್ತಿನ ಕೆಸರಿನಲ್ಲಿ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ, ಮೇಲಿನ ಪದರಗಳಲ್ಲಿ ದೂರವಾಗುತ್ತವೆ. ಒಂದೇ ಪ್ರಭೇದದ ಒಂದೇ ಲಕ್ಷಣ ಒಂದು ಪದರದಲ್ಲಿ ನಿಸ್ಸಂದೇಹವಾಗಿ, ಇನ್ನೊಂದು ಪದರದಲ್ಲಿ ಅನುಮಾನಾಸ್ಪದವಾಗಿ ಇರಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ರೇಡಿಯೊಲೇರಿಯ ಉದಾಹರಣೆ ನನ್ನ ನೆನಪಿಗೆ ಬರುವುದಿಲ್ಲ.

ರಂಧ್ರಗಳೇ ಮುಖ್ಯವಾಗುವ ವಂಶಗಳೂ ಇವೆ. ಮಯೋಸೀನ್‌ಗಿಂತ ಹಳೆಯದಾದ ಇಯೋಸೀನ್ ಕಾಲದ ಪೊಡೊಸಿರ್ಟಿಸ್ ಕುಲದಲ್ಲಿ ಮಿತ್ರಾ, ಕಲಾರಾ, ಗೋತಿಯಾನಾ ಎಂಬ ಮೂರು ಪ್ರಭೇದಗಳು ಒಂದರಿಂದೊಂದು ಹುಟ್ಟಿದವು. ಮೂರಕ್ಕೂ ಮೂರೇ ಖಂಡಗಳು. ಖಂಡಗಳನ್ನು ಎಣಿಸಿ ಏನೂ ಹೇಳುವಂತಿಲ್ಲ. ಉದರಖಂಡದ ಜಾಲರಿಯನ್ನು ನೋಡಬೇಕು. ಮಿತ್ರಾದಲ್ಲಿ ಅಲ್ಲಿನ ರಂಧ್ರಗಳು ಸಣ್ಣವು, ಹಲವು, ಹೆಚ್ಚು ಕ್ರಮವಿಲ್ಲದವು. ಕಲಾರಾದಲ್ಲಿ ಅವು ದೊಡ್ಡವಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ, ಸಾಲುಗಟ್ಟುತ್ತವೆ. ಗೋತಿಯಾನಾದಲ್ಲಿ ಒಂದು ಸಾಲಿನ ರಂಧ್ರಗಳು ಉದ್ದುದ್ದ ಕಿಟಕಿಗಳಾಗಿ, ಅವುಗಳ ನಡುವಿನ ಸಿಲಿಕಾ ನೇರ ಕಂಬಿಗಳಾಗಿ ಉಳಿಯುತ್ತದೆ. ಮಹಾಕವಿ ಗೋಯ್ಥೆಯ ಹೆಸರನ್ನು ಈ ಕೊನೆಯದಕ್ಕೆ ಕೊಟ್ಟವರು ಹೆಕೆಲ್. ಹಾಗೆಯೇ ಕ್ಯಾಲೊಸೈಕ್ಲೆಟ್ಟಾ ಕುಲದಲ್ಲಿ ವರ್ಜಿನಿಸ್ ಮತ್ತು ಕೊಸ್ಟಾಟಾ ಪ್ರಭೇದಗಳನ್ನು ಬೇರ್ಪಡಿಸಲು ಎದೆಖಂಡದ ಮೇಲೆ, ರಂಧ್ರಸಾಲುಗಳ ನಡುವೆ, ಉದ್ದುದ್ದವಾಗಿ ಎದ್ದ ಏಣುಗಳಿವೆಯೇ ಎಂದು ನೋಡಿದರೆ ಸಾಕು, ಇದ್ದರೆ ಕೊಸ್ಟಾಟಾ. ಆಂಥೊಸಿರ್ಟಿಡಿಯಮ್ ಆಂಗುಲಾರೆಯನ್ನು ಅದರ ಸಂಬಂಧಿ ಓಫಿರೆನ್ಸೆಯಿಂದ ಬೇರೆ ಮಾಡುವುದು ಎದೆಖಂಡದ ಕೋನದಂಥ ಭುಜ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಣ್ಣು ಬೇಗ ಪಳಗುತ್ತದೆ.

ಗೋಳಾಕಾರದ ಸ್ಪುಮೆಲ್ಲೇರಿಯಗಳ ವಿಷಯದಲ್ಲಿ ಹಾಗೆ ಹೇಳಲಾರೆ. ಅಲ್ಲಿ ಮೇಲು ಕೆಳಗು ಎಂಬುದಿಲ್ಲ, ಎಣಿಕೆ ಆರಂಭಿಸಲು ತುದಿಯಿಲ್ಲ. ನೋಡಬೇಕಾದದ್ದು ಒಂದರೊಳಗೊಂದು ಎಷ್ಟು ಗೋಳಗಳಿವೆ, ಅವುಗಳ ವ್ಯಾಸಗಳ ಅನುಪಾತ ಎಷ್ಟು, ಗೋಳಗಳನ್ನು ಜೋಡಿಸುವ ಕಡ್ಡಿಗಳು ಎಷ್ಟು, ಅವು ಹೊರಗೆ ಮುಳ್ಳುಗಳಾಗಿ ಮುಂದುವರಿದಿವೆಯೇ, ಗೋಳದ ಅರ್ಧ ಸುತ್ತಳತೆಯಲ್ಲಿ ಎಷ್ಟು ರಂಧ್ರಗಳು ಬರುತ್ತವೆ ಎಂಬುದನ್ನು. ಮುಳ್ಳಿನ ಅಡ್ಡಸೀಳು ದುಂಡಗಿದೆಯೋ ಮೂರು ಏಣಿನದೋ ಎಂಬುದೂ ಉಪಯುಕ್ತ. ಕಷ್ಟ ಬರುವುದು ಬೆಳವಣಿಗೆಯಿಂದ. ನಾರ್ವೆಯ ಕಡಲಿನಂಥ ಉತ್ತರದ ನೀರುಗಳಲ್ಲಿ ಸಿಗುವ ಆಕ್ಟಿನೊಮ್ಮ ಬೊರಿಯಾಲೆ ಮತ್ತು ಆಕ್ಟಿನೊಮ್ಮ ಲೆಪ್ಟೊಡರ್ಮಮ್ ಪೂರ್ತಿ ಬೆಳೆದಾಗ ಹೊರಗೋಳದಿಂದ ಪ್ರತ್ಯೇಕವಾಗಿ ಗುರುತಿಸಲು ಬರುತ್ತವೆ. ಹೊರಗೋಳ ಇನ್ನೂ ಮೂಡದ, ಒಳಗೋಳಗಳು ಮಾತ್ರ ಇರುವ ಎಳೆಯ ಮಾದರಿಗಳನ್ನು ಬೇರ್ಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೇ ಹಲವರು ಎರಡನ್ನೂ ಒಂದು ಗುಂಪಾಗಿ ಎಣಿಸುತ್ತಾರೆ. ಇದನ್ನು ಸೋಮಾರಿತನವೆಂದು ಟೀಕಿಸುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಲಕ್ಷಣವೇ ಇನ್ನೂ ಮೂಡಿರದ ಮಾದರಿಗೆ ಆ ಲಕ್ಷಣದ ಆಧಾರದ ಮೇಲೆ ಹೆಸರು ಕೊಡುವುದು ಊಹೆ, ಗುರುತಿಸುವಿಕೆಯಲ್ಲ.

ಹೆಸರು ತಪ್ಪಿದರೆ ಏನು ನಷ್ಟ ಎಂದು ಕೇಳುವವರಿಗೆ ನಾನು ತೋರಿಸುವುದು ಸೈಕ್ಲಡೊಫೊರಾ ಡೇವಿಸಿಯಾನಾ ಎಂಬ ಪುಟ್ಟ ನಾಸೆಲ್ಲೇರಿಯವನ್ನು. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಅವರು ಹಿಮಯುಗಗಳ ಲಯಕ್ಕೂ ಭೂಮಿಯ ಕಕ್ಷೆಯ ಬದಲಾವಣೆಗಳಿಗೂ ಇರುವ ಸಂಬಂಧವನ್ನು ಸ್ಥಾಪಿಸಿದ ಪ್ರಬಂಧ ನಿಂತಿರುವುದು ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಎರಡು ಕೆಸರು ಸ್ತಂಭಗಳ ಮೇಲೆ. 4,50,000 ವರ್ಷಗಳ ಆ ದಾಖಲೆಯಲ್ಲಿ ಅವರು ಮೂರು ಸಂಗತಿಗಳನ್ನು ಅಳೆದರು: ಭೂಮಿಯ ಮೇಲಿದ್ದ ಹಿಮದ ಪ್ರಮಾಣವನ್ನು ಸೂಚಿಸುವ ಆಮ್ಲಜನಕದ ಸಮಸ್ಥಾನಿಗಳ ಅನುಪಾತ, ರೇಡಿಯೊಲೇರಿಯ ಸಮೂಹದಿಂದ ಅಂದಾಜಿಸಿದ ಬೇಸಗೆಯ ಮೇಲ್ನೀರಿನ ಉಷ್ಣತೆ, ಮತ್ತು ಒಟ್ಟು ರೇಡಿಯೊಲೇರಿಯಗಳಲ್ಲಿ ಸೈಕ್ಲಡೊಫೊರಾ ಡೇವಿಸಿಯಾನಾದ ಶೇಕಡಾ ಪಾಲು. ಈ ಅಳತೆಗಳಲ್ಲಿ 23,000, 42,000 ಮತ್ತು ಸುಮಾರು 1,00,000 ವರ್ಷಗಳ ಆವರ್ತಗಳು ಹೊರಬಂದವು. ಮೂರರಲ್ಲಿ ಒಂದು ಅಳತೆ ಒಂದೇ ಒಂದು ಪ್ರಭೇದವನ್ನು ಸರಿಯಾಗಿ ಗುರುತಿಸಿ ಎಣಿಸಿದ್ದರ ಫಲ ಎಂಬುದನ್ನು ಗಮನಿಸಬೇಕು. ಇಂದಿನ ಸಾಗರಗಳಲ್ಲಿ ಹೆಚ್ಚಿನ ಕಡೆ ಈ ಪ್ರಭೇದದ ಪಾಲು ಅತಿ ಕಡಿಮೆ, ರಷ್ಯದ ಪೂರ್ವ ಕರಾವಳಿಯ ಒಖೋಟ್ಸ್ಕ್ ಸಮುದ್ರದಲ್ಲಿ ಮಾತ್ರ ಬಹಳ ಹೆಚ್ಚು. ಅಲ್ಲಿ ಅದು ಮೇಲ್ನೀರಿನ ಕೆಳಗಿನ ತಣ್ಣನೆಯ ಪದರದಲ್ಲಿ ಬದುಕುತ್ತದೆ. ದಕ್ಷಿಣದ ಸಾಗರದಲ್ಲಿ ಹಿಮಯುಗದ ಹೊತ್ತಿಗೆ ಅದರ ಪಾಲು ಏರುತ್ತಿತ್ತು.

ಈ ಪ್ರಭೇದದ ಪಕ್ಕದಲ್ಲಿ ಸಂಬಂಧಿಗಳಿರುತ್ತವೆ. ಸೈಕ್ಲಡೊಫೊರಾ ಬೈಕಾರ್ನಿಸ್‌ನ ಎದೆಖಂಡ ಹೆಚ್ಚು ಅಗಲವಾದ ಗಂಟೆ, ಅದರ ಜಾಲರಿಯೂ ಹೆಚ್ಚು ಕ್ರಮಬದ್ಧ. ಡೇವಿಸಿಯಾನಾ ಚಿಕ್ಕದು, ಅದರ ಗಂಟೆ ಕಿರಿದು. ಮೋಟೊಯಾಮ ಅವರು ತೋರಿಸಿದಂತೆ ಡೇವಿಸಿಯಾನಾ ಹುಟ್ಟಿದ್ದು ಉತ್ತರ ಪೆಸಿಫಿಕ್‌ನಲ್ಲಿ, ಮಯೋಸೀನ್‌ನ ನಂತರದ ಪ್ಲಯೋಸೀನ್ ಕಾಲ ಮುಗಿಯುತ್ತ ಬಂದಾಗ, ಸೈಕ್ಲಡೊಫೊರಾ ಸಕಾಯಿ ಎಂಬ ಪೂರ್ವಜನಿಂದ. ಹಾಗಾಗಿ ಆ ಕಾಲದ ಕೆಸರಿನಲ್ಲಿ ಮತ್ತೆ ನಡುವಿನ ರೂಪಗಳ ಪ್ರಶ್ನೆ ಎದುರಾಗುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಒಂದು ಪ್ರಭೇದದ ಖಾತೆಗೆ ಸಂಬಂಧಿಗಳನ್ನು ಸೇರಿಸಿದರೆ ಹಿಮಯುಗದ ಶಿಖರ ಇಲ್ಲದ ಕಡೆ ಏಳಬಹುದು, ಇರುವ ಕಡೆ ಬೀಳಬಹುದು.

ಕೆಸರು ತಾನೇ ಲಕ್ಷಣಗಳನ್ನು ಬದಲಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಸಮುದ್ರದ ನೀರಿನಲ್ಲಿ ಸಿಲಿಕಾ ಎಲ್ಲ ಆಳಗಳಲ್ಲೂ ನಿಧಾನವಾಗಿ ಕರಗುತ್ತಿರುತ್ತದೆ. ಕರಗುವಾಗ ರಂಧ್ರಗಳ ನಡುವಿನ ಕಂಬಿಗಳು ತೆಳುವಾಗಿ ರಂಧ್ರಗಳು ದೊಡ್ಡದಾದಂತೆ ಕಾಣುತ್ತವೆ, ಏಣುಗಳು ಮೊಂಡಾಗುತ್ತವೆ, ಕೊಂಬು ಮೊಟಕಾಗುತ್ತದೆ. ರಂಧ್ರದ ಗಾತ್ರವೇ ಆಧಾರವಾಗಿರುವ ವಂಶದಲ್ಲಿ ಇದು ಪೂರ್ವಜನನ್ನು ವಂಶಜನಂತೆ ತೋರಿಸಬಲ್ಲದು. ಕಂಬಿಗಳ ಅಂಚು ನುಣುಪಾಗಿದೆಯೋ ಸವೆದು ಒರಟಾಗಿದೆಯೋ ಎಂದು ಹೆಚ್ಚಿನ ವರ್ಧನೆಯಲ್ಲಿ ನೋಡುವುದು, ಅದೇ ಗಾಜುಪಟ್ಟಿಯ ಇತರ ಪ್ರಭೇದಗಳೂ ಹಾಗೆಯೇ ಸವೆದಿವೆಯೇ ಎಂದು ಹೋಲಿಸುವುದು ಇದಕ್ಕಿರುವ ಪರಿಹಾರ. ಇದರ ಮೇಲೆ ಹಳೆಯ ಪದರಗಳಿಂದ ಕೊಚ್ಚಿಬಂದು ಹೊಸ ಕೆಸರಿನಲ್ಲಿ ಬೆರೆತ ಹಂದರಗಳು ಬೇರೆ. ಹಿಂದೊಮ್ಮೆ ರೇಡಿಯೊಲೇರಿಯಗಳು ಕಾಲಗಣನೆಗೆ ಉಪಯೋಗಕ್ಕೆ ಬಾರವು ಎಂಬ ಭಾವನೆ ಬೆಳೆದದ್ದಕ್ಕೆ ಈ ಬೆರಕೆಯೂ ಕಾರಣ. 1950ರ ದಶಕದಲ್ಲಿ ಸ್ವೀಡನ್ನಿನ ಆಳಸಾಗರ ಯಾತ್ರೆಯ ಕೆಸರು ಸ್ತಂಭಗಳನ್ನು ಪರಿಶೀಲಿಸಿದ ರೀಡೆಲ್ ಅವರು ಆ ಭಾವನೆಯನ್ನು ಸರಿಪಡಿಸಿದರು.

ಈಚಿನ ವರ್ಷಗಳಲ್ಲಿ ಚಿತ್ರಗಳ ಮೇಲೆ ಕಂಪ್ಯೂಟರಿಗೆ ತರಬೇತಿ ಕೊಟ್ಟು ಪ್ರಭೇದಗಳನ್ನು ಗುರುತಿಸುವ ಪ್ರಯತ್ನಗಳು ಪೊಡೊಸಿರ್ಟಿಸ್‌ನಂಥ ಕುಲಗಳಲ್ಲಿ ನಡೆದಿವೆ. ಸಾವಿರಾರು ಮಾದರಿಗಳನ್ನು ಆಯಾಸವಿಲ್ಲದೆ, ಒಂದೇ ಮಾನದಂಡದಿಂದ ವಿಂಗಡಿಸುವುದು ದೊಡ್ಡ ಲಾಭ. ಮನುಷ್ಯರ ಎಣಿಕೆಯಲ್ಲಿ ಗೆರೆ ಅರಿವಿಲ್ಲದೆ ಸರಿಯುವ ಅಪಾಯ ಅಲ್ಲಿ ಕಡಿಮೆ. ಆದರೆ ಒಂದೇ ನಾಭಿಯಲ್ಲಿ ತೆಗೆದ ಚಿತ್ರದಲ್ಲಿ ತಲೆಖಂಡದೊಳಗಿನ ಕಡ್ಡಿಗಳು ಇರುವುದಿಲ್ಲ, ಒಳಗೋಳ ಮಸುಕು. ಹಲವು ನಾಭಿಗಳಲ್ಲಿ ತೆಗೆದ ಚಿತ್ರಗಳನ್ನು ಒಟ್ಟುಗೂಡಿಸಿ ಕೊಡಬೇಕು, ಮತ್ತು ತರಬೇತಿಗೆ ಬಳಸಿದ ಚಿತ್ರಗಳಿಗೆ ಹೆಸರು ಕೊಟ್ಟವರು ಯಾವ ಲಕ್ಷಣವನ್ನು ಹಿಡಿದು ಕೊಟ್ಟರು ಎಂಬುದೂ ದಾಖಲಾಗಬೇಕು.

ನಾನು ಎಣಿಕೆಯ ಹಾಳೆಯಲ್ಲಿ ಸ್ಟಿಕೊಕೋರಿಸ್‌ಗೆ ಎರಡಲ್ಲ, ಮೂರು ಅಂಕಣಗಳನ್ನು ಇಟ್ಟುಕೊಳ್ಳುತ್ತೇನೆ. ಮೂರನೆಯ ಖಂಡ ನಾಲ್ಕನೆಯದಕ್ಕಿಂತ ಸ್ಪಷ್ಟವಾಗಿ ಅಗಲವಿರುವವು ಒಂದರಲ್ಲಿ, ನಾಲ್ಕನೆಯದು ಸ್ಪಷ್ಟವಾಗಿ ಅಗಲವಿರುವವು ಇನ್ನೊಂದರಲ್ಲಿ, ಸಮಸಮವಾಗಿರುವವು ನಡುವಿನದರಲ್ಲಿ. ತಲೆಖಂಡ ಮುರಿದುಹೋಗಿ ಎಣಿಕೆ ಸಾಧ್ಯವಿಲ್ಲದವನ್ನು ಕುಲದ ಹೆಸರಿನಲ್ಲಷ್ಟೇ ಬರೆಯುತ್ತೇನೆ, ಮೂರರಲ್ಲಿ ಯಾವುದಕ್ಕೂ ಸೇರಿಸುವುದಿಲ್ಲ. ಇದರಿಂದ ಹಾಳೆ ಉದ್ದವಾಗುತ್ತದೆ, ಗಡಿಯ ಮಟ್ಟ ಒಂದೇ ಸಂಖ್ಯೆಯಾಗಿ ಬಾರದೆ ಒಂದು ಅಂತರವಾಗಿ ಬರುತ್ತದೆ. ನನ್ನ ನಂತರ ಅದೇ ಗಾಜುಪಟ್ಟಿಗಳನ್ನು ನೋಡುವವರು ನಡುವಿನ ಅಂಕಣವನ್ನು ತಮಗೆ ಸರಿಕಂಡ ಕಡೆಗೆ ಕೂಡಿಸಿಕೊಂಡು ಲೆಕ್ಕವನ್ನು ಹೊಸದಾಗಿ ಮಾಡಬಹುದು. ಇಡೀ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.